ಹೇಬರ್ಲೆಯವರ ಸರಾಸರಿ

ಚನ್ನಮಲ್ಲಪ್ಪನಿಗೆ ಜರ್ಮನಿಯಲ್ಲಿ ಬೇಕಾಗಿದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಅಷ್ಟಕ್ಕಾಗಿ ಅವನು ಬೇಸ್‌ಬಾಲ್ ಪಂಡಿತನಾಗಬೇಕಾಯಿತು.

ಇದು ಎರಡು ಸಾವಿರದ ಎರಡನೆಯ ಇಸವಿಯ ಮಾತು. ಕಂಪ್ಯೂಟರ್ ಬಲ್ಲವರಿಗೆ ಗ್ರೀನ್ ಕಾರ್ಡ್ ಕೊಡುತ್ತೇವೆ, ಬನ್ನಿ ಎಂದು ಜರ್ಮನಿಯವರು ಕರೆದಾಗ ಓಡಿ ಬಂದವರಲ್ಲಿ ಗದಗಿನ ಚನ್ನಮಲ್ಲಪ್ಪ ಒಬ್ಬ, ಮಂಗಳೂರಿನ ಸ್ಟ್ಯಾನಿಯಾದ ನಾನು ಇನ್ನೊಬ್ಬ. ಶ್ವೀಬರ್ಡಿಂಗೆನ್ ಎಂಬ ಊರಿನಲ್ಲಿ ಕಾರಿನ ಬ್ರೇಕುಗಳಿಗೆ ಬುದ್ಧಿ ಹೇಳುವ ಪ್ರೋಗ್ರಾಮ್ ಬರೆಯುವುದು ನಮ್ಮಿಬ್ಬರ ಕೆಲಸ. ವಾಸ ಒಂದೇ ಕೋಣೆಯಲ್ಲಿ. ನನಗೆ ಮದುವೆಯಾಗಿರಲಿಲ್ಲ. ಅವನಿಗೆ ಆಗಿ ಹದಿನಾಲ್ಕು ತಿಂಗಳಾಗಿತ್ತು. ಅದರಲ್ಲಿ ಹೆಂಡತಿಯ ಜೊತೆ ಇದ್ದದ್ದು ಇಪ್ಪತ್ತಮೂರು ದಿನ. ಆ ಇಪ್ಪತ್ತಮೂರರಲ್ಲೂ ಐದು ದಿನ ಅವಳನ್ನು ತವರಿಗೆ ಕರೆಸಿಕೊಂಡಿದ್ದರು ಎಂಬುದು ಅತ್ತೆಮನೆಯ ಮೇಲೆ ಅವನಿಗಿದ್ದ ಖಾಯಂ ಫಿರ್ಯಾದು.

ಹೆಂಡತಿಯ ಹೆಸರು ಮಧುಮತಿ. ಗದಗಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅವಳನ್ನು ಕರೆಸಿಕೊಳ್ಳಬೇಕಾದರೆ ಇಬ್ಬರಿಗೆ ಸಾಕಾಗುವಷ್ಟು ದೊಡ್ಡ ಮನೆಯ ಬಾಡಿಗೆ ಕರಾರುಪತ್ರವನ್ನು ಆಮ್ಟ್‌ನಲ್ಲಿ, ಅಂದರೆ ಸರಕಾರಿ ಕಚೇರಿಯಲ್ಲಿ, ತೋರಿಸಬೇಕಿತ್ತು. ಚನ್ನಮಲ್ಲಪ್ಪ ಪೇಪರಿನ ಜಾಹೀರಾತು ನೋಡಿ ಫೋನು ಮಾಡುತ್ತಿದ್ದ. ಅವನು ತನ್ನ ಹೆಸರನ್ನು ಪೂರ್ತಿ ಹೇಳಿ ಮುಗಿಸುವುದರೊಳಗೆ ಹನ್ನೊಂದು ಮನೆಗಳು ಬೇರೆಯವರ ಪಾಲಾದವು.

ಹನ್ನೆರಡನೆಯದು ಹೇಬರ್ಲೆಯವರದು. ಹೇಬರ್ಲೆ ಡ್ರೈವಿಂಗ್ ಶಾಲೆ ಇಟ್ಟುಕೊಂಡಿದ್ದ ನಲವತ್ತಾರು ವರ್ಷದ ಕುಳ್ಳ ಮನುಷ್ಯ. ಕೆಳಗೆ ಶಾಲೆ, ನಡುವೆ ಗಂಡ-ಹೆಂಡತಿಯ ಸಂಸಾರ, ಮೇಲಿನ ಎರಡು ಕೋಣೆ ಖಾಲಿ. ಅವರು ಯಾವ ಕೆಲಸಕ್ಕೂ ಅವಸರ ಮಾಡುವವರಲ್ಲ. ಮೆಟ್ಟಿಲು ಹತ್ತುವಾಗಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿಯೇ ಹತ್ತುತ್ತಿದ್ದರು. ಮನೆ ತೋರಿಸಿ, ಅಡುಗೆಮನೆಯ ಕಿಟಕಿ ತೆರೆದು, ಹೆಸರಿಗೆ ಹೆರ್, ಅಂದರೆ ಶ್ರೀಯುತ, ಸೇರಿಸಿ, "ಹೆರ್ ಚನ್ನ, ನಿಮಗೆ ಬೇಸ್‌ಬಾಲ್ ಗೊತ್ತೇ?" ಎಂದು ಕೇಳಿದರು.

"ಗೊತ್ತಿಲ್ಲ" ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಚನ್ನಮಲ್ಲಪ್ಪನ ಕಣ್ಣು ಆ ಕಿಟಕಿಯ ಮೇಲಿತ್ತು. ಕಿಟಕಿ ಮೂಡಣಕ್ಕಿತ್ತು. ಅವನ ಮನಸ್ಸಿನಲ್ಲಿ ಆಗಲೇ ಮಧುಮತಿ ಅಲ್ಲಿ ನಿಂತು ಚಹಾ ಸೋಸುತ್ತಿದ್ದಳು. ಚಹಾ ಸೋಸುತ್ತಿರುವವಳನ್ನು ಅಲ್ಲಿಂದ ಕಳಿಸುವುದು ಹೇಗೆ?

"ಗೊತ್ತಿಲ್ಲದೇನು? ನಮ್ಮೂರಿನಲ್ಲಿ ನಾನು ಕಾಮೆಂಟೇಟರ್" ಎಂದುಬಿಟ್ಟ.

ಇದು ಪೂರ್ತಿ ಸುಳ್ಳೂ ಅಲ್ಲ. ಗದಗಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿ ನಡೆದಾಗ ಅವನ ಕೈಗೆ ಮೈಕು ಬಂದಿತ್ತು. ಒಂದೂವರೆ ದಿನ ಇತ್ತು. ಸೋದರಮಾವನ ಸ್ಟಂಪು ಹಾರಿದ್ದನ್ನು 'ಗಾಳಿಯ ಆರ್ಭಟ' ಎಂದು ವರ್ಣಿಸಿದ ಮೇಲೆ ಮೈಕು ವಾಪಸು ಹೋಯಿತು.

ಹೇಬರ್ಲೆಯವರ ಮುಖ ಅರಳಿತು. ಅವರು ಊರಿನ ಬೇಸ್‌ಬಾಲ್ ಕ್ಲಬ್ಬಾದ ಗ್ಲೆಮ್ಸ್ ಫಾಲ್ಕನ್ಸ್‌ನಲ್ಲಿ ಹನ್ನೊಂದು ವರ್ಷದಿಂದ ಆಟಗಾರರು. ಹೆಂಡತಿ ಅದೇ ಕ್ಲಬ್ಬಿನ ಸ್ಕೋರು ಬರೆಯುವವರು. ಕರಾರುಪತ್ರ ನಿಧಾನವಾಗಿ ಬರೆಯೋಣ, ಭಾನುವಾರ ಮಾತ್ರ ಮೈಕಿಗೆ ತಪ್ಪದೆ ಬನ್ನಿ ಎಂದರು.

ಭಾನುವಾರ ಮಧ್ಯಾಹ್ನ ನಾನೂ ಜೊತೆಗೆ ಹೋದೆ. ಬೀಟ್‌ರೂಟ್ ಹೊಲದ ಪಕ್ಕದಲ್ಲಿ ಮೈದಾನ. ನಾಯಿಗಳೂ ಸೇರಿ ನಲವತ್ತು ಪ್ರೇಕ್ಷಕರು. ತಂಡದ ತರಬೇತುದಾರ ಡೀಟರ್ ಊರಿನ ಪೋಸ್ಟ್‌ಮ್ಯಾನ್. ಆತ ಒಂದು ದಪ್ಪ ಫೈಲು ತಂದು ಚನ್ನಮಲ್ಲಪ್ಪನ ಮುಂದಿಟ್ಟು, "ಎಲ್ಲ ಆಟಗಾರರ ಅಂಕಿಗಳೂ ಇದರಲ್ಲಿವೆ. ನೀವು ಭಾರತೀಯರು, ಅದರಲ್ಲೂ ಕಂಪ್ಯೂಟರಿನವರು. ನಿಮಗೆ ಅಂಕಿ ವಿವರಿಸಿದರೆ ಅವಮಾನ ಮಾಡಿದಂತಾದೀತು" ಎಂದು ಹೊರಟುಹೋದ. ಆ ಅವಮಾನವನ್ನು ಅವತ್ತು ಮಾಡಿದ್ದರೆ ಎಷ್ಟೋ ಒಳ್ಳೆಯದಿತ್ತು.

ಚನ್ನಮಲ್ಲಪ್ಪ ಫೈಲು ತೆರೆದ. ಚೆಂಡು ಎಸೆಯುವವರ ಪಟ್ಟಿ ಸಿಕ್ಕಿತು.

"ಸ್ಟ್ಯಾನಿ, ಇಲ್ಲೆ 'ಅರ್ನ್ಡ್ ರನ್' ಅಂತ ಐತಿ ನೋಡು. ಅರ್ನ್ಡ್ ಅಂದ್ರ ಗಳಿಸಿದ್ದು ಹೌದಿಲ್ಲೋ? ಗಳಿಕಿ ಜಾಸ್ತಿ ಇದ್ರ ಚಲೋನೋ, ಕಡಿಮಿ ಇದ್ರ ಚಲೋನೋ?"

"ಎಂತ ಕೇಳ್ತಿ ಮಾರಾಯಾ, ಜಾಸ್ತಿ ಇದ್ರೆ ಒಳ್ಳೇದಲ್ವಾ?" ಎಂದೆ ನಾನು.

ಇಬ್ಬರು ಇಂಜಿನಿಯರುಗಳ ಈ ದೀರ್ಘ ಸಂಶೋಧನೆಯ ಆಧಾರದ ಮೇಲೆ ಕಾಮೆಂಟರಿ ಆರಂಭವಾಯಿತು. ಸರಾಸರಿ ಹನ್ನೊಂದೂಕಾಲು ಇದ್ದ ಒಬ್ಬ ಹುಡುಗ ಚೆಂಡು ಹಿಡಿದು ಬಂದಾಗ ಚನ್ನಮಲ್ಲಪ್ಪ ಅರ್ಧ ಇಂಗ್ಲಿಷ್ ಅರ್ಧ ಜರ್ಮನ್‌ನಲ್ಲಿ, "ಮಹನೀಯರೇ ಮಹಿಳೆಯರೇ, ಎದ್ದು ನಿಲ್ಲಿ! ಫಾಲ್ಕನ್ಸ್ ತಂಡದ ರತ್ನ ಬರುತ್ತಿದ್ದಾನೆ!" ಎಂದ. ಸರಾಸರಿ ಒಂದು ಚಿಲ್ಲರೆ ಇದ್ದವನು ಬಂದಾಗ ಧ್ವನಿ ತಗ್ಗಿಸಿ, "ಪಾಪ, ಇನ್ನೂ ಕಲಿಯುತ್ತಿದ್ದಾನೆ. ಚಪ್ಪಾಳೆ ತಟ್ಟಿ ಧೈರ್ಯ ತುಂಬೋಣ" ಎಂದ. ಧೈರ್ಯ ತುಂಬಿಸಿಕೊಂಡವನು ತನ್ನ ಕೈಗವಸು ಕಿತ್ತು ಮೈಕಿನ ಕಡೆ ಎಸೆದ. ರತ್ನದ ತಾಯಿ ಕಣ್ಣೊರೆಸಿಕೊಳ್ಳುತ್ತ ಬಂದು ನಮ್ಮಿಬ್ಬರಿಗೂ ಚೆರ್ರಿ ಕೇಕು ಕೊಟ್ಟಳು. ಅವಳ ಮಗನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಆ ಮೈದಾನದಲ್ಲಿ ಯಾರೂ ಆಡಿರಲಿಲ್ಲವಂತೆ.

ಆಟ ಮುಗಿದ ಮೇಲೆ ಡೀಟರ್ ಬಂದು ಹೇಳಿದ: ಅದು ಗಳಿಸಿದ ಓಟವಲ್ಲ, ಎದುರಾಳಿಗೆ ಬಿಟ್ಟುಕೊಟ್ಟ ಓಟ. ಕಡಿಮೆ ಇದ್ದಷ್ಟೂ ಒಳ್ಳೆಯದು.

"ಕಳಕೊಂಡದ್ದಕ್ಕ ಗಳಿಸಿದ್ದು ಅಂತ ಹೆಸರಿಟ್ಟ ಪುಣ್ಯಾತ್ಮ ಯಾರೋ!" ಎಂದು ಚನ್ನಮಲ್ಲಪ್ಪ ದಾರಿಯುದ್ದಕ್ಕೂ ಗೊಣಗಿದ.

ಆದರೆ ಜನಕ್ಕೆ ಅವನ ಅಬ್ಬರ ಹಿಡಿಸಿತ್ತು. ಮುಂದಿನ ಭಾನುವಾರ ಎಪ್ಪತ್ತು ಮಂದಿ ಬಂದರು. ಡೀಟರ್ ಈ ಸಲ ಅವನಿಗೆ ಒಂದೇ ಒಂದು ಸಾಲು ತೋರಿಸಿ, "ಬೇರೆಯದು ಬಿಡಿ. ದಾಂಡು ಬೀಸುವವನ ಸರಾಸರಿ ನೋಡಿ. ಹತ್ತಕ್ಕೆ ಮೂರು ಸಲ ಹೊಡೆದರೆ ಸಿಂಹ, ಎರಡಕ್ಕಿಂತ ಕಡಿಮೆಯಾದರೆ ಮನೆಗೆ ಕಳಿಸಬೇಕು" ಎಂದ. ಚನ್ನಮಲ್ಲಪ್ಪ ನಿಜವಾದ ಕಾಮೆಂಟೇಟರ್ ಆದದ್ದು ಆ ಕ್ಷಣದಲ್ಲಿ. ಕಾಮೆಂಟರಿಗೆ ಒಂದು ಅಂಕಿ ಗೊತ್ತಿದ್ದರೆ ಸಾಕು. ಎರಡು ಗೊತ್ತಾದರೆ ಅನುಮಾನ ಹುಟ್ಟಿ ಬಾಯಿ ಕಟ್ಟುತ್ತದೆ.

ತಂಡದ ಹೀರೋ ತೋರ್ಸ್ಟೆನ್‌ನ ಸರಾಸರಿ ಹತ್ತಕ್ಕೆ ಮೂರು ದಾಟಿತ್ತು. ಅವನಿಗೆ ಹೊಗಳಿಕೆಯ ಮಳೆಯಾಯಿತು. ಆಮೇಲೆ ಒಬ್ಬ ಕುಳ್ಳ ದಾಂಡಿಗ ಹೆಲ್ಮೆಟ್ ಹಾಕಿಕೊಂಡು ಎಡಬಲ ನೋಡುತ್ತ ಬಂದ. ಚನ್ನಮಲ್ಲಪ್ಪ ನೋಡಿದ್ದು ಅವನ ಅಂಗಿಯ ನಂಬರನ್ನು, ಫೈಲಿನಲ್ಲಿ ಆ ನಂಬರಿನ ಮುಂದಿದ್ದ ಸರಾಸರಿಯನ್ನು ಮಾತ್ರ.

"ಇವರು ಏಳು ಸಲ ಬಂದರೆ ಒಂದು ಸಲ ಹೊಡೆಯುತ್ತಾರೆ! ನಮ್ಮ ಗದಗಿನಿಂದ ರೋಣಕ್ಕೆ ಹೋಗುವ ಬಸ್ಸೇ ಇದಕ್ಕಿಂತ ಹೆಚ್ಚು ಸಲ ಬರುತ್ತದೆ!"

ಮೈದಾನ ಬಿದ್ದು ಬಿದ್ದು ನಕ್ಕಿತು. ದಾಂಡಿಗ ಅಲ್ಲಾಡದೆ ನಿಂತ. ನಾಲ್ಕು ಚೆಂಡು ದೂರ ದೂರ ಬಂದವು. ಅವನು ಒಂದನ್ನೂ ಮುಟ್ಟಲಿಲ್ಲ. ಹಾಗೆ ನಾಲ್ಕು ಚೆಂಡು ಹೊರಗೆ ಬಂದರೆ ಆಟದ ನಿಯಮದಂತೆ ದಾಂಡಿಗ ಪುಕ್ಕಟೆಯಾಗಿ ಮೊದಲ ಬೇಸಿಗೆ, ಅಂದರೆ ಓಟದ ಮೊದಲ ಠಾಣೆಗೆ, ನಡೆದುಕೊಂಡು ಹೋಗಬಹುದು. ಇವನೂ ನಡೆದ.

"ನೋಡಿ, ಹೊಡೆಯಲಿಲ್ಲ. ಕನಿಕರಪಟ್ಟು ಬಿಟ್ಟುಕೊಟ್ಟರು!"

ನಾನು ಅವನ ತೊಡೆ ಚಿವುಟಿದೆ. "ಏ ಮಾರಾಯಾ, ಬಾಯಿ ಮುಚ್ಚು! ಅದು ನಿನ್ನ ಮನೆ ಓನರ್!"

ಅದುವರೆಗೆ ಎಪ್ಪತ್ತು ಜನರಿಗೆ ಕೇಳುತ್ತಿದ್ದ ಧ್ವನಿ ನನಗೂ ಕೇಳದಷ್ಟು ಇಳಿಯಿತು. "ಅಯ್ಯ ಶಿವನ! ಹೆಲ್ಮೆಟ್ಟಿನ್ಯಾಗ ಹೆಂಗ ಗುರ್ತು ಹಿಡೀಬೇಕೋ?"

ಗುರುವಾರ ಊರಿನ ವಾರಪತ್ರಿಕೆ ಬಂತು. 'ಭಾರತದಿಂದ ಬಂದ ಅಂಕಿ ಅಂಶ ತಜ್ಞರ ಪ್ರಕಾರ ಹೇಬರ್ಲೆ ಬಸ್ಸಿಗಿಂತ ಅಪರೂಪ' ಎಂದು ಮೂರನೆಯ ಪುಟದಲ್ಲಿ ಅಚ್ಚಾಗಿತ್ತು. ಡ್ರೈವಿಂಗ್ ಕಲಿಯುವ ಹುಡುಗರು, ಸಾರ್ ನಾವೂ ಏಳು ದಿನಕ್ಕೊಮ್ಮೆ ಬಂದರೆ ಸಾಕೇ ಎಂದು ಕೇಳತೊಡಗಿದರು. ತಜ್ಞರ ಮಾತಿಗೆ ಬೆಲೆ ಕೊಟ್ಟು ಡೀಟರ್ ಹೇಬರ್ಲೆಯವರನ್ನು ತಂಡದಿಂದ ಕೈಬಿಟ್ಟು ಬೆಂಚಿನ ಮೇಲೆ ಕೂರಿಸಿದ. ಹೇಬರ್ಲೆ ಬೈಯಲಿಲ್ಲ. ಫೋನು ಮಾಡಿ, "ಹೆರ್ ಚನ್ನ, ಮೇಲಿನ ಮನೆಯ ವಿಷಯವನ್ನು ನಾವು ಇನ್ನೊಮ್ಮೆ ಯೋಚಿಸಬೇಕಾಗಿದೆ" ಎಂದರು. ಆ ದೇಶದಲ್ಲಿ ಇಷ್ಟು ಮರ್ಯಾದೆಯಿಂದ ಮಾತಾಡಿದರೆಂದರೆ ಕೆಲಸ ಕೆಟ್ಟಿತೆಂದೇ ಅರ್ಥ.

ಅದೇ ದಿನ ಸಂಜೆ ಚನ್ನಮಲ್ಲಪ್ಪ ಕಾಲಿಂಗ್ ಕಾರ್ಡ್ ಹಿಡಿದು ಗದಗಿಗೆ ಫೋನು ಹಚ್ಚಿದ. ಎತ್ತಿದ್ದು ಅತ್ತೆ ಬಸವ್ವ.

"ಮನಿ ಸಿಕ್ತೇನ್ರೀ ಅಳಿಯಾರ?"

"ಸಿಕ್ಕಿತ್ತ್ರೀ ಅತ್ತಿ. ಆಟದಾಗ ಹೋತು."

ಅಷ್ಟು ಹೇಳುವುದರಲ್ಲಿ ಕಾರ್ಡು ಮುಗಿಯಿತು. ಇನ್ನೊಂದು ಕಾರ್ಡು ತಂದು ಮತ್ತೆ ಫೋನು ಹಚ್ಚಲು ಅವನಿಗೆ ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟರಲ್ಲಿ ಗದಗಿನ ಆ ಓಣಿಗೆಲ್ಲ ಬಸವ್ವನ ಅಳಿಯ ಜರ್ಮನಿಯಲ್ಲಿ ಜೂಜಾಡಿ ಮನೆ ಸೋತ ಸುದ್ದಿ ಮುಟ್ಟಿತ್ತು. ಪಕ್ಕದ ಮನೆಯ ಸರಸಮ್ಮನವರು ಬಂದು ಕೂತು, "ಧರ್ಮರಾಯ ಸೈತ ಸ್ವಂತ ಅರಮನಿ ಸೋತಾನವ್ವಾ. ಬಾಡಿಗಿ ಮನಿ ಸೋತಾಂವನ್ನ ಇವನ್ನ ಒಬ್ಬನ್ನ ಕಂಡೆ" ಎಂದರಂತೆ. ಮಧುಮತಿಗೆ ವನವಾಸದ ದಿನಗಳನ್ನು ಎಣಿಸಿಕೋ ಎಂದು ಸಮಾಧಾನವನ್ನೂ ಹೇಳಿದರಂತೆ.

ಎರಡನೆಯ ಸಲ ಮಧುಮತಿಯೇ ಎತ್ತಿದಳು. ಅಳಲಿಲ್ಲ. "ಮೊದಲಿಂದ ಹೇಳ್ರಿ" ಎಂದಳು. ಅವನು ಹೇಳಿದ.

"ಏಳಕ್ಕ ಒಂದು ಅಂದ್ರಿ. ಆ ಏಳು ಅಂದ್ರ ಏನು?"

"ಅಂವಾ ಆಡಾಕ ಹೋದ ಸಲ."

"ಹೋದ ಅಷ್ಟೂ ಸಲಾನ? ಸುಮ್ಮನ ನಿಂತು ನಡಕೊಂತ ಹೋದ್ರು ಅಂದ್ರೆಲ್ಲ, ಅದೂ ಆ ಏಳರಾಗ ಐತೋ ಇಲ್ಲೋ?"

ಚನ್ನಮಲ್ಲಪ್ಪ ತಲೆ ಕೆರೆದುಕೊಂಡ. "ಗೊತ್ತಿಲ್ಲ ಮಧು."

"ಛೇದ ಏನಂತ ಗೊತ್ತಿಲ್ದ ಭಿನ್ನರಾಶಿ ಓದಿದ್ರ ನಮ್ಮ ಎಂಟನೇತ್ತಾ ಹುಡುಗ್ಯಾರನ್ನ ನಾ ಬೆಂಚಿನ ಮ್ಯಾಲ ನಿಂದ್ರಸ್ತೀನಿ. ನೀವು ಮೈಕಿನ್ಯಾಗ ಓದೀರಿ! ಸ್ಕೋರಿನ ಪುಸ್ತಕ ತರ್ರಿ."

ಪುಸ್ತಕ ಇದ್ದದ್ದು ಹೇಬರ್ಲೆಯವರ ಹೆಂಡತಿಯ ಹತ್ತಿರ. ಮರುದಿನ ನಾವಿಬ್ಬರೂ ಹೋಗಿ ಬೆಲ್ಲು ಒತ್ತಿದೆವು. ಮನೆಯ ವಿಷಯ ಎತ್ತುತ್ತಾನೆಂದು ಆಕೆ ಮುಖ ಬಿಗಿದುಕೊಂಡೇ ಬಾಗಿಲು ತೆಗೆದರು. ಚನ್ನಮಲ್ಲಪ್ಪ ಸ್ಕೋರು ಪುಸ್ತಕ ನೋಡಬಹುದೇ ಎಂದು ಕೇಳಿದ. ಆಕೆ ಶೂ ಬಿಚ್ಚಿಸಿ ಒಳಗೆ ಕರೆದು, ಬಟ್ಟೆಯ ರಟ್ಟು ಕಟ್ಟಿದ ಪುಸ್ತಕವನ್ನು ಮೇಜಿನ ಮೇಲಿಟ್ಟರು.

"ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಓದುತ್ತೇನೆ ಕೊಡಿ ಎಂದು ಕೇಳಿದವರು ನೀವೇ ಮೊದಲು" ಎಂದರು. "ನಾನಾಗಿ ಹೇಳಿದರೆ ಗಂಡನ ಪರ ಮಾತಾಡಿದಳು ಎನ್ನುತ್ತಾರೆ."

ಆಮೇಲೆ ಮೂರು ಸಂಜೆ ಅವನು ನಮ್ಮ ಕೋಣೆಯ ಕಿಟಕಿಗೆ ಬೆನ್ನು ಕೊಟ್ಟು ಕೂತು ಆ ಪುಸ್ತಕವನ್ನು ಗದಗಿಗೆ ಓದಿದ. ಅಲ್ಲಿ ಅವಳು ಬರೆದುಕೊಂಡಳು. ನಾನು ಅನ್ನಕ್ಕೆ ಅಕ್ಕಿ ತೊಳೆಯುತ್ತ ಈ ಕಡೆಯದನ್ನು ಕೇಳಿಸಿಕೊಳ್ಳುತ್ತಿದ್ದೆ. ಅವನ ಫೋನಿನ ಸದ್ದು ಜೋರಿದ್ದುದರಿಂದ ಆ ಕಡೆಯದೂ ಕೇಳುತ್ತಿತ್ತು.

"ಮೇ ಐದು. ಹೊಡ್ದದ್ದು ಇಲ್ಲ. ನಡದದ್ದು ಎರಡು."

"ಬರಕೊಂಡೆ. ಊಟಾ ಆತೇನ್ರೀ?"

"ಇನ್ನೂ ಇಲ್ಲ. ಸ್ಟ್ಯಾನಿ ಸಾರು ಮಾಡ್ಲಿಕ್ಕತ್ಯಾನ. ಮೇ ಹನ್ನೆರಡು. ಹೊಡ್ದದ್ದು ಒಂದು."

"ಕೆಮ್ಮು ಹೋಗಿಲ್ಲ ಅಂತ ಕಾಣ್ತದ."

"ಹೋಗೇತಿ. ನಡದದ್ದು ಒಂದು."

ಲೆಕ್ಕ ನಿಜವಾಗಿ ಮುಗಿದದ್ದು ಎರಡನೆಯ ಸಂಜೆ. ಮೂರನೆಯ ಸಂಜೆ ಇಬ್ಬರೂ ಸೇರಿ ಮೊದಲಿನಿಂದ ತಾಳೆ ನೋಡಿದರು. ಒಂದಂಕಿಯೂ ತಪ್ಪಿರಲಿಲ್ಲ. ತಪ್ಪಿಲ್ಲವೆಂದು ಗೊತ್ತಾದ ಮೇಲೆ ಇನ್ನೊಂದು ಸಲ ತಾಳೆ ನೋಡಿದರು. ನಾನು ಯಾಕೆಂದು ಕೇಳಲಿಲ್ಲ.

ಸಿಕ್ಕ ಉತ್ತರ ಇಷ್ಟು. ಹೇಬರ್ಲೆ ಆ ಋತುವಿನಲ್ಲಿ ಒಟ್ಟು ಅರವತ್ತು ಸಲ ದಾಂಡು ಹಿಡಿದು ನಿಂತಿದ್ದರು. ಹೊಡೆದು ಬೇಸ್ ಮುಟ್ಟಿದ್ದು ಆರು ಸಲ, ನಡೆದುಕೊಂಡು ಹೋಗಿ ಮುಟ್ಟಿದ್ದು ಹದಿನೆಂಟು ಸಲ. ಸರಾಸರಿ ಎಂಬ ಆ ಪ್ರಸಿದ್ಧ ಅಂಕಿ ಹದಿನೆಂಟನ್ನೂ ನುಂಗಿ ನೀರು ಕುಡಿದಿತ್ತು. ನಡೆದ ಸಲವನ್ನು ಅದು ಮೇಲೂ ಎಣಿಸುವುದಿಲ್ಲ, ಕೆಳಗೂ ಎಣಿಸುವುದಿಲ್ಲ. ಉಳಿದ ನಲವತ್ತೆರಡಕ್ಕೆ ಆರು, ಅಂದರೆ ಏಳಕ್ಕೆ ಒಂದು. ಔಟಾಗದೆ ಬೇಸ್ ಮುಟ್ಟುವುದೇ ಆಟವಾದರೆ ಹೇಬರ್ಲೆ ಹತ್ತಕ್ಕೆ ನಾಲ್ಕು ಸಲ ಮುಟ್ಟಿದ್ದರು. ನಡೆಯುವ ಅಭ್ಯಾಸವೇ ಇಲ್ಲದ ಸಿಂಹ ತೋರ್ಸ್ಟೆನ್ ಮುಟ್ಟಿದ್ದು ಮೂರಕ್ಕೆ ಒಂದು ಸಲ. ಇಡೀ ತಂಡದಲ್ಲಿ ಹೇಬರ್ಲೆಯೇ ಮೊದಲಿಗರು.

"ಹೋಗಿ ಹೇಳ್ರಿ" ಎಂದಳು ಮಧುಮತಿ. "ಮನಿ ಕೊಡ್ಲಿ ಬಿಡ್ಲಿ, ತಪ್ಪು ಓದಿದ್ದನ್ನ ತಿದ್ದಬೇಕು."

ಮುಂದಿನ ಭಾನುವಾರ ಆಟ ಶುರುವಾಗುವ ಮೊದಲೇ ಚನ್ನಮಲ್ಲಪ್ಪ ಮೈಕು ಹಿಡಿದ. ಬೇಸ್‌ಬಾಲ್‌ನಲ್ಲಿ ಹಾಗೆ ನಡೆದುಹೋಗುವುದಕ್ಕೆ 'ವಾಕ್' ಎನ್ನುತ್ತಾರೆ. ಅವನು ಆ ಪದವನ್ನು ನಿಘಂಟಿನಲ್ಲಿ ನೋಡಿಕೊಂಡು ಜರ್ಮನ್ ಮಾಡಿಕೊಂಡಿದ್ದ.

"ನಾನು ತಪ್ಪು ಮಾಡಿದೆ. ಹೆರ್ ಹೇಬರ್ಲೆ ಈ ಜಿಲ್ಲೆಯಲ್ಲೇ ಅತ್ಯುತ್ತಮ ವಾಯುವಿಹಾರಿ!"

ಜನ ಮೊದಲಿಗಿಂತ ಹೆಚ್ಚು ನಕ್ಕರು. ಬೆಂಚಿನ ಮೇಲಿದ್ದ ಹೇಬರ್ಲೆಯವರ ಕಿವಿ ಕೆಂಪಾಯಿತು. ಚನ್ನಮಲ್ಲಪ್ಪ ಗಾಬರಿಯಲ್ಲಿ, "ಬೆಳಿಗ್ಗೆಯಿಂದ ಸಂಜೆವರೆಗೆ ವಿಹರಿಸುತ್ತಾರೆ! ಹದಿನೆಂಟು ಸಲ ವಿಹರಿಸಿದ್ದಾರೆ!" ಎಂದು ಇನ್ನಷ್ಟು ಸ್ಪಷ್ಟಪಡಿಸಿದ. ಒಂದು ನಾಯಿ ಬೊಗಳತೊಡಗಿತು.

ಆಗ ಸ್ಕೋರಿನ ಮೇಜಿನಿಂದ ಹೇಬರ್ಲೆಯವರ ಹೆಂಡತಿ ಎದ್ದು ನಿಂತರು. "ನಗುವವರು ಇಲ್ಲಿ ಬಂದು ಪುಸ್ತಕ ನೋಡಿ. ಅವರು ಹೇಳಿದ್ದು ಸರಿ. ಹದಿನೆಂಟು!"

ನಗು ನಿಂತಿತು. ಡೀಟರ್ ಪುಸ್ತಕ ನೋಡಿದ, ಮಧುಮತಿ ಫೋನಿನಲ್ಲಿ ಹೇಳಿ ಚನ್ನಮಲ್ಲಪ್ಪ ಬರೆದುಕೊಂಡಿದ್ದ ಲೆಕ್ಕದ ಹಾಳೆ ನೋಡಿದ, ಪೋಸ್ಟ್‌ಮ್ಯಾನ್ ಚಾಳಿಯಂತೆ ಹಾಳೆಯನ್ನು ತಿರುಗಿಸಿ ಹಿಂಭಾಗವನ್ನೂ ನೋಡಿದ.

ಕೊನೆಯ ಸರದಿಯಲ್ಲಿ ಫಾಲ್ಕನ್ಸ್ ಒಂದು ಓಟ ಹಿಂದಿತ್ತು. ಮೂರು ಬೇಸಿನಲ್ಲೂ ನಮ್ಮವರು ನಿಂತಿದ್ದರು. ಇನ್ನೊಬ್ಬ ಔಟಾದರೆ ಆಟ ಮುಗಿದಂತೆ. ಎದುರಾಳಿಯ ಎಸೆತಗಾರ ದಣಿದು ಹೋಗಿ ಚೆಂಡು ಎಲ್ಲೆಲ್ಲೋ ಎಸೆಯುತ್ತಿದ್ದ. ಡೀಟರ್ ಬೆಂಚಿನ ಕಡೆ ತಿರುಗಿ, "ಹೇಬರ್ಲೆ, ಹೋಗು. ನಿಂತುಕೋ" ಎಂದ.

ಹೇಬರ್ಲೆ ಎಡಬಲ ನೋಡಿ ಹೋದರು. ನಡೆದುಹೋದರೆ ಬೇಸಿನಲ್ಲಿದ್ದ ಮೂವರೂ ಒಂದೊಂದು ಬೇಸು ಮುಂದೆ ಸರಿದು ಓಟ ಸಮವಾಗುತ್ತದೆ, ಅವರ ಹಿಂದೆಯೇ ತೋರ್ಸ್ಟೆನ್ ಇದ್ದಾನೆ. ಮೊದಲನೆಯ ಚೆಂಡು ಹೊರಗೆ. ಎರಡನೆಯದೂ ಹೊರಗೆ. ಮೂರನೆಯದು ನಾಯಿಯ ಹತ್ತಿರ ಬಿತ್ತು. ಇನ್ನೊಂದು ಹೊರಗೆ ಬಂದರೆ ಸಾಕು.

"ಮಹಾಜನರೇ, ನೋಡಿ! ವಿಹಾರಕ್ಕೆ ಸಿದ್ಧರಾಗಿದ್ದಾರೆ!" ಎಂದು ಚನ್ನಮಲ್ಲಪ್ಪ ಕೂಗಿದ. ಅಷ್ಟೂ ಮಂದಿ ಎದ್ದು ನಿಂತು ಹೇಬರ್ಲೆಯವರ ಹೆಸರು ಹಿಡಿದು ಚಪ್ಪಾಳೆ ತಟ್ಟತೊಡಗಿದರು.

ನಾಲ್ಕನೆಯ ಚೆಂಡು ಒಂದು ಮಾರು ದೂರ ಬಂತು. ಹೇಬರ್ಲೆ ಮೈಯೆಲ್ಲ ತಿರುಗಿಸಿ ದಾಂಡು ಬೀಸಿದರು. ಗಾಳಿ.

"ಬ್ಯಾಡ್ರೀ! ಸುಮ್ಮನ ನಿಂದರ್ರಿ!" ಎಂದು ಮೈಕಿನಲ್ಲಿ ಅಚ್ಚ ಗದಗಿನ ಕನ್ನಡ ಮೊಳಗಿತು.

ಐದನೆಯದು ಇನ್ನೂ ದೂರ. ಬೀಸಿದರು. ಆರನೆಯದು ನೆಲಕ್ಕೆ ಬಡಿದು ಬಂತು. ಅದಕ್ಕೂ ಬೀಸಿದರು. ಎಷ್ಟು ಜೋರಾಗಿ ಬೀಸಿದರೆಂದರೆ ತಾವೇ ಒಂದು ಸುತ್ತು ಸುತ್ತಿ ಕೂತುಬಿಟ್ಟರು. ಮೂರು ಸಲ ಬೀಸಿ ಮೂರು ಸಲವೂ ತಪ್ಪಿದರೆ ಔಟ್. ಫಾಲ್ಕನ್ಸ್ ಸೋತಿತು.

ಎಲ್ಲರ ಕಣ್ಣೂ ಚನ್ನಮಲ್ಲಪ್ಪನ ಮೇಲೆ ಬಿತ್ತು. ಡೀಟರ್ ಲೆಕ್ಕದ ಹಾಳೆಯನ್ನು ಮಡಿಸಿ ಅವನ ಕಿಸೆಗೆ ತುರುಕಿ ಹೊರಟುಹೋದ. ಚನ್ನಮಲ್ಲಪ್ಪ ನನ್ನ ಕಡೆ ನೋಡಿ, "ಮುಗೀತು ಸ್ಟ್ಯಾನಿ. ಹದಿಮೂರನೇ ಮನಿ ಹುಡಕಬೇಕು" ಎಂದ.

ಅಷ್ಟರಲ್ಲಿ ಹೇಬರ್ಲೆಯವರೇ ಬಂದರು. ಪ್ಯಾಂಟಿಗೆ ಮಣ್ಣಾಗಿತ್ತು. "ಹೆರ್ ಚನ್ನ, ನಿಮ್ಮ ಲೆಕ್ಕ ಸರಿಯಾಗಿತ್ತು. ನಿಂತಿದ್ದರೆ ಸಾಕಿತ್ತು."

"ಮತ್ತೆ ಯಾಕೆ ಬೀಸಿದಿರಿ?"

ಹೇಬರ್ಲೆ ಮೈದಾನದ ಕಡೆ ನೋಡಿದರು. "ಚಿಕ್ಕವನಿದ್ದಾಗ ಅಮೆರಿಕನ್ ಸೈನಿಕರು ಆಡುವುದನ್ನು ಬೇಲಿಯ ಈಚೆ ನಿಂತು ನೋಡುತ್ತಿದ್ದೆ. ಅವರು ಬೀಸುತ್ತಿದ್ದರು. ಚೆಂಡು ಮರಗಳನ್ನು ದಾಟಿ ಹೋಗುತ್ತಿತ್ತು. ಕ್ಲಬ್ಬಿಗೆ ಸೇರಿದೆ. ನೀನು ಕುಳ್ಳ, ನಿನಗೆ ಸರಿಯಾಗಿ ಚೆಂಡು ಹಾಕುವುದು ಎದುರಾಳಿಗೆ ಕಷ್ಟ, ಸುಮ್ಮನೆ ನಿಂತುಕೋ ಎಂದರು. ಹನ್ನೊಂದು ವರ್ಷ ನಿಂತೆ. ಇವತ್ತು ಎಲ್ಲರೂ ನನ್ನ ಹೆಸರು ಹಿಡಿದು ಕೂಗಿದರು ನೋಡಿ, ತಡೆಯಲಾಗಲಿಲ್ಲ."

ಚನ್ನಮಲ್ಲಪ್ಪ ಮೈಕನ್ನು ಕೆಳಗಿಟ್ಟು ಹೇಬರ್ಲೆಯವರ ಬೆನ್ನಿನ ಮಣ್ಣು ಕೊಡವಿದ.

ಹೇಬರ್ಲೆಯವರ ಹೆಂಡತಿ ಪುಸ್ತಕದಲ್ಲಿ ಆ ಔಟನ್ನು ಅಚ್ಚುಕಟ್ಟಾಗಿ ಬರೆದು, ಪೆನ್ಸಿಲಿನಿಂದ ಮೂಲೆಯಲ್ಲಿ ಭಾಗಾಕಾರ ಮಾಡಿದರು. "ಅರವತ್ತೊಂದಕ್ಕೆ ಇಪ್ಪತ್ತನಾಲ್ಕು. ಈಗಲೂ ಇವರೇ ಮೊದಲು" ಎಂದರು. ಗುರುವಾರದ ಪತ್ರಿಕೆ 'ತಜ್ಞರ ಲೆಕ್ಕ ತಲೆಕೆಳಗು' ಎಂದು ಬರೆಯಿತು. ಅರವತ್ತು ಸಲವನ್ನು ಬಿಟ್ಟು ಒಂದೇ ಸಲವನ್ನು ನೋಡುವುದು ಪತ್ರಿಕೆಯವರಿಗೂ ಸುಲಭ.

ಆಕೆ ಪುಸ್ತಕ ಮುಚ್ಚಿ ಚನ್ನಮಲ್ಲಪ್ಪನನ್ನು ಕೇಳಿದರು: "ಆ ಹಾಳೆಯ ಲೆಕ್ಕ ನೀವು ಮಾಡಿದ್ದಲ್ಲ, ಅಲ್ಲವೇ?"

"ಅಲ್ಲ. ನನ್ನ ಹೆಂಡತಿ ಮಾಡಿದ್ದು."

"ಹಾಗೆಂದುಕೊಂಡೆ. ಕರೆಸಿಕೊಳ್ಳಿ ಅವಳನ್ನು. ಕರಾರುಪತ್ರ ನಾಳೆ ಬರೆಯೋಣ, ಇಬ್ಬರ ಹೆಸರಿನಲ್ಲೂ. ಮೆಟ್ಟಿಲು ಗುಡಿಸುವ ಸರದಿ ಎರಡು ವಾರಕ್ಕೊಮ್ಮೆ ನಿಮ್ಮದು."

ಕಾಗದಗಳು ಆಮ್ಟ್‌ಗೆ ಹೋದವು. ಚೆನ್ನೈನ ಕಾನ್ಸುಲೇಟಿನಿಂದ ಮಧುಮತಿಗೆ ದಿನಾಂಕ ಬಂತು: ಇನ್ನೂ ಆರು ವಾರ. ಅದಾದ ಮೇಲೆ ವೀಸಾ ಬರಲು ಎಷ್ಟು ದಿನವೋ ಯಾರಿಗೂ ಗೊತ್ತಿರಲಿಲ್ಲ.

ಮನೆಯ ಬೀಗದಕೈ ಸಿಕ್ಕ ಶನಿವಾರ ಸಂಜೆ ಚನ್ನಮಲ್ಲಪ್ಪ ನನ್ನನ್ನು ಕರೆದುಕೊಂಡು ಹೋದ. ಖಾಲಿ ಕೋಣೆಗಳಲ್ಲಿ ನಮ್ಮ ಹೆಜ್ಜೆಯ ಸದ್ದು ನಮಗೇ ತಿರುಗಿ ಬರುತ್ತಿತ್ತು. ಅವನು ಗದಗಿಗೆ ಫೋನು ಹಚ್ಚಿ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುತ್ತ ಹೆಜ್ಜೆ ಎಣಿಸಿ ಹೇಳುತ್ತಿದ್ದ. ಅವಳು ಅಲ್ಲಿಂದಲೇ ಸಾಮಾನು ಜೋಡಿಸುತ್ತಿದ್ದಳು. ಮಂಚ ಗೋಡೆಗೆ ಹತ್ತಬಾರದು. ದೇವರು ಮೂಲೆಯಲ್ಲಿ.

"ಒಲಿ ಎಲ್ಲೆ ಐತ್ರಿ?"

"ಒಲೀನೂ ಇಲ್ಲ, ಏನೂ ಇಲ್ಲ. ಬಾಡಿಗಿ ಮನ್ಯಾಗ ಅದನ್ನೆಲ್ಲ ನಾವ ತರ್ಬೇಕಂತ. ಗ್ವಾಡಿಯಿಂದ ಎರಡು ನಳ ಹೊರಗ ಬಂದಾವು, ಅಷ್ಟ."

"ಆಗ್ಲಿ, ತರೋಣು. ನೀವು ಈಗ ಎಲ್ಲೆ ನಿಂತೀರಿ?"

"ಅಡಗಿಮನಿ ಬಾಗಲದಾಗ."

"ಒಂಚೂರು ಬಾಜೂ ಸರೀರಿ. ನಾ ಒಳಗ ಬರ್ತೀನಿ."

ಚನ್ನಮಲ್ಲಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೇ ಬಾಗಿಲಿನ ಒಂದು ಪಕ್ಕಕ್ಕೆ ಸರಿದು ಗೋಡೆಗೆ ಅಂಟಿ ನಿಂತ. ಹಿಂದೆ ನಿಂತಿದ್ದ ನಾನೂ ಎರಡು ಹೆಜ್ಜೆ ಸರಿದು ದಾರಿ ಬಿಟ್ಟೆ.